ಗಡಿ ದಾಟಿ ಹಕ್ಕಿ ನೋಡುವವರಿಗೆ: ಕೊಡಗಿನ ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊರದೇಶಗಳಲ್ಲಿ ಹಕ್ಕಿ ನೋಡುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕೊಡಗಿನಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದವರನ್ನು ಒಂದೇ ಉತ್ತರಕ್ಕೆ ಸೇರಿಸಿದ್ದೇವೆ. ವೀಸಾ ಮತ್ತು ಶುಲ್ಕದ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಯುವ ಮೊದಲು ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ನಮ್ಮದು ಹೆಚ್ಚಾಗಿ ರೊಬಸ್ಟಾ, ಸ್ವಲ್ಪ ಅರೇಬಿಕಾ ಇರುವ ತೋಟ. ಹಕ್ಕಿ ನೋಡಲು ಡಿಸೆಂಬರ್, ಜನವರಿಯೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆಗ ನಮಗೆ ಕೊಯ್ಲು. ಬೆಳೆಗಾರರಿಗೆ ಹೊಂದುವ ಕಾಲ ಮತ್ತು ದೇಶ ಯಾವುದು? (ಗೋಣಿಕೊಪ್ಪಲು)

ಡಿಸೆಂಬರ್, ಜನವರಿ ಒಳ್ಳೆಯದು ಎನ್ನುವುದು ಶ್ರೀಲಂಕಾ, ಥಾಯ್ಲೆಂಡ್‌ಗಳ ಮಟ್ಟಿಗೆ ನಿಜ. ಆಗ ಅಲ್ಲಿ ಮಳೆ ಕಡಿಮೆ, ಉತ್ತರದಿಂದ ವಲಸೆ ಹಕ್ಕಿಗಳೂ ಬಂದಿರುತ್ತವೆ. ಆದರೆ ಲೋಕಕ್ಕೆಲ್ಲ ಒಂದೇ ಹಂಗಾಮು ಇಲ್ಲ. ಮೊದಲು ದೇಶ ಆರಿಸಿ ಆಮೇಲೆ ತೋಟದ ಕೆಲಸವನ್ನು ಅದಕ್ಕೆ ಹೊಂದಿಸಲು ಹೊರಟರೆ ಪ್ರವಾಸವೂ ಕೆಡುತ್ತದೆ, ಕೊಯ್ಲೂ ಕೆಡುತ್ತದೆ. ತೋಟದಲ್ಲಿ ಬಿಡುವು ಎಲ್ಲಿದೆ ಎಂದು ಮೊದಲು ನೋಡಿ, ಆ ಬಿಡುವಿಗೆ ತಕ್ಕ ದೇಶ ಹುಡುಕಿ.

ಅಂಥ ಬಿಡುವು ನಿಮಗೆ ಮೂರು ಕಡೆ ಸಿಗುತ್ತದೆ. ಮೊದಲನೆಯದು ಕಾಫಿ ಹೂ ಅರಳಿಸುವ ಹೂಮಳೆ, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ (ಅಥವಾ ಸ್ಪ್ರಿಂಕ್ಲರ್ ನೀರು) ಮುಗಿದು, ಮುಂಗಾರಿಗೆ ಮೊದಲಿನ ಬೋರ್ಡೋ (ಮೈಲುತುತ್ತ-ಸುಣ್ಣದ) ಸಿಂಪಡಣೆ ಇನ್ನೂ ಶುರುವಾಗದ ಅವಧಿ, ಅಂದರೆ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ಭೂತಾನಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬೆಟ್ಟದ ಹಕ್ಕಿಗಳು ಗೂಡು ಕಟ್ಟುವ ತಯಾರಿಯಲ್ಲಿ ಕೂಗುತ್ತಿರುತ್ತವೆ, ರೋಡೊಡೆಂಡ್ರಾನ್ ಹೂಬಿಟ್ಟಿರುತ್ತದೆ. ಎರಡನೆಯದು ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಬರುವವರೆಗೆ. ನಮ್ಮಲ್ಲಿ ಬಿರುಮಳೆ ಇರುವಾಗ ಕೆನ್ಯಾದ ಹೆಚ್ಚಿನ ಭಾಗ ಒಣಗಿರುತ್ತದೆ, ಬೋರ್ನಿಯೋದ ಸಬಾ ರಾಜ್ಯವೂ ಓಡಾಡಲು ಅನುಕೂಲವಾಗಿರುತ್ತದೆ. ಮನೆಯಲ್ಲಿ ಮರ ಬಿದ್ದರೆ, ಲೈನ್ ಕಡಿದರೆ ನೋಡಿಕೊಳ್ಳಲು ಒಬ್ಬರು ಇರಬೇಕು, ಅಷ್ಟೇ. ಮೂರನೆಯದು ಅಕ್ಟೋಬರ್, ತುಲಾ ಸಂಕ್ರಮಣದ ಆಸುಪಾಸು. ಆಗ ಒಂದು ವಾರ ಸಿಕ್ಕರೂ ಸಾಕು, ದಕ್ಷಿಣ ಥಾಯ್ಲೆಂಡಿನ ಚುಂಫೋನ್ ಹತ್ತಿರದ ಖಾವೊ ದಿನ್ಸೊರ್ ಗುಡ್ಡಕ್ಕೆ ಹೋಗಿ ಬರಬಹುದು. ಉತ್ತರ ಏಷ್ಯಾದಿಂದ ಇಳಿದು ಬರುವ ಹದ್ದು, ಗಿಡುಗಗಳು ಆ ಕಿರಿದಾದ ಭೂಕಂಠದ ಮೇಲೆ ಒತ್ತಾಗಿ ಹಾದುಹೋಗುತ್ತವೆ. ಗುಡ್ಡದ ಮೇಲೆ ನೆರಳಿನಲ್ಲಿ ಕೂತು ದಿನವಿಡೀ ಆಕಾಶ ನೋಡುವ ಕೆಲಸ ಅದು. ಕಾಡಿನಲ್ಲಿ ನಡೆಯಲಾಗದ ಹಿರಿಯರಿಗೂ ಹೊಂದುತ್ತದೆ.

ಜುಲೈನಲ್ಲಿ ಕೆನ್ಯಾಕ್ಕೆ ಹೋದರೆ ಯುರೋಪಿನ ವಲಸೆ ಹಕ್ಕಿ ಸಿಗುವುದಿಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ನಿಮಗೆ ಅದರಿಂದ ನಷ್ಟವಿಲ್ಲ. ಆ ಗುಂಪಿನ ಹಲವು ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಗದ್ದೆ, ಕೆರೆಗಳಿಗೇ ಬರುತ್ತವೆ. ಅಷ್ಟು ದೂರ ಹೋಗುವುದು ಅಲ್ಲಿಯೇ ಹುಟ್ಟಿ ಬೆಳೆದ ಹಕ್ಕಿಗಳಿಗಾಗಿ.

ನಿವೃತ್ತ ಶಿಕ್ಷಕಿ. ಮೊದಲ ಹೊರದೇಶ ಪ್ರವಾಸಕ್ಕೆ ಶ್ರೀಲಂಕಾ ಆರಿಸಿದ್ದೇನೆ. ಎಂಟು ರಾತ್ರಿ ಇದೆ. ಎಲ್ಲೆಲ್ಲಿ ಎಷ್ಟು ದಿನ ಇರಬೇಕು? ನಮ್ಮ ಕಾಡಿನ ಹಕ್ಕಿಗಳೇ ಅಲ್ಲೂ ಇವೆಯಂತೆ, ಹೌದೇ? (ಮಡಿಕೇರಿ)

ಬಹಳಷ್ಟು ನಮ್ಮವೇ. ಕಾಕರಣೆ ಹಕ್ಕಿ ಎನ್ನುವ ಮಲಬಾರ್ ಟ್ರೋಗನ್ ಅಲ್ಲೂ ಇದೆ. ಸಿಲೋನಿನ ಹೆಸರು ಹೊತ್ತ ಕಪ್ಪೆಬಾಯಿ ಹಕ್ಕಿ ಪಶ್ಚಿಮ ಘಟ್ಟದಲ್ಲೂ ಇದೆ. ಮಾರ್ಗದರ್ಶಿ ಅದನ್ನು ತೋರಿಸಲು ಒಂದು ಸಂಜೆ ಕಳೆಯುತ್ತೇನೆ ಎಂದರೆ ಬೇಡ ಎನ್ನಿ, ಆ ಹೊತ್ತನ್ನು ಸೆರೆಂಡಿಬ್ ಗೂಬೆಗೆ ಇಡಲು ಹೇಳಿ. 2004ರಲ್ಲಷ್ಟೇ ವಿಜ್ಞಾನದ ದಾಖಲೆಗೆ ಸೇರಿದ ಆ ಪುಟ್ಟ ಕೆಂಪು ಗೂಬೆ ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಶ್ರೀಲಂಕಾಕ್ಕೇ ಸೀಮಿತವಾದ ಹಕ್ಕಿಗಳು ಸುಮಾರು 34. ಅವುಗಳ ಪಟ್ಟಿ ಮಾಡಿಕೊಂಡು ಹೋಗಿ.

ಮೂರು ರಾತ್ರಿ ಸಿಂಹರಾಜ ಕಾಡಿನ ಕುಡಾವ ದ್ವಾರದ ಬಳಿ, ಎರಡು ರಾತ್ರಿ ತಿಸ್ಸಮಹಾರಾಮದಲ್ಲಿ, ಎರಡು ರಾತ್ರಿ ನುವರ ಎಲಿಯದಲ್ಲಿ, ಕೊನೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರ. ಇದರಿಂದ ತಗ್ಗಿನ ಮಳೆಕಾಡು, ಒಣ ಕರಾವಳಿ, ಮೋಡದ ಬೆಟ್ಟ ಮೂರೂ ಸಿಗುತ್ತವೆ. ಕ್ಯಾಂಡಿ, ಸಿಗಿರಿಯಗಳನ್ನು ಇದರೊಳಗೆ ತುರುಕಬೇಡಿ. ಅಲ್ಲಿ ರಸ್ತೆಗಳು ನಿಧಾನ. ನಕ್ಷೆಯಲ್ಲಿ ಹತ್ತಿರ ಕಂಡ ಊರಿಗೆ ಅರ್ಧ ದಿನ ಹೋಗುತ್ತದೆ, ಹೋಗುವ ಆ ಅರ್ಧ ದಿನ ಸಾಮಾನ್ಯವಾಗಿ ಬೆಳಗಿನದ್ದೇ ಆಗಿರುತ್ತದೆ.

ಸಿಂಹರಾಜದಲ್ಲಿ ತಪ್ಪುವುದು ಒಂದೇ ಕಡೆ: ಜನ ಹಕ್ಕಿ ಹುಡುಕುತ್ತಾ ನಡೆಯುತ್ತಲೇ ಇರುತ್ತಾರೆ. ಅಲ್ಲಿ ಹಕ್ಕಿಗಳು ಹಲವು ಜಾತಿ ಸೇರಿದ ದಂಡು ಕಟ್ಟಿಕೊಂಡು ಮೇಯುತ್ತವೆ. ಒಂದು ತಾಸು ಕಾಡೆಲ್ಲ ಖಾಲಿ, ಆಮೇಲೆ ಹತ್ತು ನಿಮಿಷದಲ್ಲಿ ಎಲ್ಲವೂ ಒಟ್ಟಿಗೆ. ಆ ದಂಡಿನ ಮುಂದೆ ಗಲಾಟೆ ಮಾಡುತ್ತಾ ಬರುವುದು ಕಿತ್ತಳೆ ಕೊಕ್ಕಿನ ಹರಟೆಮಲ್ಲ. ಅದರ ಜತೆಗೇ ಕಾವಲುಗಾರನಂತೆ ಜುಟ್ಟಿನ ಕಾಜಾಣ ಇರುತ್ತದೆ. ಹರಟೆಮಲ್ಲಗಳ ಗದ್ದಲ ಕೇಳಿದ ಕೂಡಲೇ ಆ ಕಡೆಗೆ ಓಡಬೇಡಿ. ದಂಡು ಯಾವ ದಿಕ್ಕಿಗೆ ಸರಿಯುತ್ತಿದೆ ಎಂದು ಗಮನಿಸಿ, ಅದರ ಮುಂದಕ್ಕೆ ಹೋಗಿ, ದಾರಿ ಅಗಲವಾಗಿರುವ ಕಡೆ ನಿಲ್ಲಿ. ಅವು ದಾರಿ ದಾಟಲೇಬೇಕು. ಹರಟೆಮಲ್ಲಗಳನ್ನು ನೋಡುತ್ತಾ ಕೂರದೆ ಕಣ್ಣನ್ನು ಮೇಲಿನ ಕೊಂಬೆಗಳಿಗೆ ಒಯ್ಯಿರಿ. ಕೆಂಪುಮುಖದ ಮಾಲ್ಕೋಹ ಮೌನವಾಗಿ ಎಲೆಗಳ ಒಳಗೆ ನುಸುಳುತ್ತದೆ, ಕೂಗಿನಿಂದ ಅದು ಗೊತ್ತಾಗುವುದಿಲ್ಲ. ನೀಲಿ ಮ್ಯಾಗ್‌ಪೈ ಹಾಗಲ್ಲ, ಅದರ ಕಿರುಚಾಟ ದೂರದಿಂದಲೇ ಕೇಳುತ್ತದೆ. ಈ ಐದಾರು ಹಕ್ಕಿಗಳ ಧ್ವನಿಯನ್ನು ಹೊರಡುವ ತಿಂಗಳ ಮುಂಚೆ ಝೀನೋ-ಕ್ಯಾಂಟೋ ಜಾಲತಾಣದಿಂದ ಕೇಳಿ ಅಭ್ಯಾಸ ಮಾಡಿಕೊಳ್ಳಿ. ಪುಸ್ತಕದಲ್ಲಿ ಚಿತ್ರ ನೋಡಿ ಕಲಿತದ್ದಕ್ಕಿಂತ ಇದರಿಂದ ಹೆಚ್ಚು ಹಕ್ಕಿ ಸಿಗುತ್ತವೆ.

ಜಿಗಣೆಯ ಬಗ್ಗೆ ಕೊಡಗಿನವರಿಗೆ ಹೇಳುವ ಅಗತ್ಯವಿಲ್ಲ. ಆದರೆ ಮೊಣಕಾಲವರೆಗಿನ ಒತ್ತುನೇಯ್ಗೆಯ ಜಿಗಣೆ ಕಾಲುಚೀಲವನ್ನು ಇಲ್ಲಿಂದಲೇ ಒಯ್ಯಿರಿ, ಪ್ಯಾಂಟಿನ ಮೇಲೆ ಹಾಕಿ, ಅದರ ಮೇಲೆ ಬೂಟು ಹಾಕಿ.

ನುವರ ಎಲಿಯದಲ್ಲಿ ಚಳಿಗಾಲಕ್ಕೆ ಹೋದರೆ ಊರ ನಡುವಿನ ವಿಕ್ಟೋರಿಯಾ ಉದ್ಯಾನವನ್ನು ಬಿಡಬೇಡಿ. ಹಿಮಾಲಯದಿಂದ ಬಂದ ಪೈಡ್ ಸಿಳ್ಳಾರ, ಕಾಶ್ಮೀರ ನೊಣಹಿಡುಕ ಎರಡೂ ಅಲ್ಲಿನ ಚರಂಡಿ ಪಕ್ಕದ ಪೊದೆಗಳಲ್ಲಿ ಸಿಗುತ್ತವೆ. ಮರುದಿನ ಬೆಳಕಾಗುವ ಮೊದಲು ಹಾರ್ಟನ್ ಪ್ಲೇನ್ಸ್ ತಲುಪಿರಿ. ಸುಮಾರು 2,100 ಮೀಟರ್ ಎತ್ತರ, ಕೈ ಮರಗಟ್ಟುತ್ತದೆ, ಸ್ವೆಟರ್ ಬೇಕು. ಶ್ರೀಲಂಕಾದ ಸಿಳ್ಳಾರ ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ನೀರಿನ ಬದಿಗೆ ಬರುತ್ತದೆ. ಪ್ರವಾಸಿಗಳ ಗಾಡಿಗಳು ಬಂದ ಮೇಲೆ ಹೋದರೆ ಸಿಗುವುದು ಕಷ್ಟ.

ದುರ್ಬೀನು 8x42 ಕೊಳ್ಳಲೋ 10x42 ಕೊಳ್ಳಲೋ? ಹಳೆಯದರ ಗಾಜಿನೊಳಗೆ ಮಳೆಗಾಲದಲ್ಲಿ ಜೇಡರಬಲೆಯಂತೆ ಬೂಷ್ಟು ಹಿಡಿಯಿತು. (ಸೋಮವಾರಪೇಟೆ)

ಕಾಡಿಗಾದರೆ 8x42. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ: 8x42ರಲ್ಲಿ 5.25, 10x42ರಲ್ಲಿ 4.2. ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಅದು, ಮಿಲಿಮೀಟರಿನಲ್ಲಿ. ಮುಂಜಾನೆ, ಮರದ ನೆರಳಿನಲ್ಲಿ ಈ ವ್ಯತ್ಯಾಸ ನೇರವಾಗಿ ತಿಳಿಯುತ್ತದೆ. 8ರಲ್ಲಿ ನೋಟದ ಹರವೂ ಹೆಚ್ಚು, ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ ಕಳೆದುಹೋಗುವುದಿಲ್ಲ, ಕೈ ನಡುಗಿದರೂ ಚಿತ್ರ ಕಡಿಮೆ ಅಲುಗುತ್ತದೆ. ಕೆನ್ಯಾದ ಹುಲ್ಲುಗಾವಲು, ಕೆರೆದಂಡೆ ಮಾತ್ರ ನಿಮ್ಮ ಗುರಿಯಾದರೆ 10 ಸರಿ. ಹಲವು ಬಗೆಯ ನೆಲದಲ್ಲಿ ಓಡಾಡುವವರಿಗೆ ಒಂದೇ ದುರ್ಬೀನು ಅಂದರೆ 8. ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣುವಂತೆ ಕಣ್ಣು ಗಾಜಿನಿಂದ ಇರಬಹುದಾದ ದೂರ) 15 ಮಿ.ಮೀ.ಗಿಂತ ಹೆಚ್ಚಿದೆಯೇ ಎಂದು ನೋಡಿ, ಇಲ್ಲದಿದ್ದರೆ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ. ಕೊಳ್ಳುವ ಮುಂಚೆ ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಆಗುತ್ತದೆಯೇ ಎಂದೂ ಪರೀಕ್ಷಿಸಿ. ಪೊದೆಯ ಹಕ್ಕಿ ಕಾಲ ಬುಡದಲ್ಲೇ ಬಂದು ಕೂರುವುದುಂಟು.

ಬೂಷ್ಟಿಗೆ ಕಾರಣ ತೇವ, ಕತ್ತಲು ಮತ್ತು ಅಲುಗಾಡದ ಗಾಳಿ. ಕಪಾಟಿನಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ಮೂರೂ ಸೇರುತ್ತವೆ. ಚೀಲದಿಂದ ತೆಗೆದು, ರಬ್ಬರ್ ಅಂಚಿರುವ ಗಾಳಿಯಾಡದ ಡಬ್ಬಿಯಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಜತೆ ಇಡಿ. ಒಳಗೆ ಒಂದು ಸಣ್ಣ ತೇವಮಾಪಕ ಹಾಕಿ, ಅದು ಶೇ. 45ರಿಂದ 55ರೊಳಗೆ ಇರಲಿ. ಜೆಲ್ ಬಣ್ಣ ಬದಲಿಸಿದಾಗ (ನೀಲಿ ಇದ್ದದ್ದು ಗುಲಾಬಿ, ಕಿತ್ತಳೆ ಇದ್ದದ್ದು ಹಸಿರು) ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಅಕ್ಕಿ ತುಂಬಿಡುವುದರಿಂದ ಉಪಯೋಗವಿಲ್ಲ, ಧೂಳು ಮಾತ್ರ ಸೇರುತ್ತದೆ. ಹೊಸದು ಕೊಳ್ಳುವಾಗ ಸಾರಜನಕ ತುಂಬಿ ಮುಚ್ಚಿದ, ನೀರು ಹೊಗದ ಮಾದರಿಯನ್ನೇ ಕೊಳ್ಳಿ, ಅದರ ಒಳಗಾಜಿಗೆ ಬೂಷ್ಟು ಸುಲಭಕ್ಕೆ ಹೋಗದು. ಹೊರಗಾಜಿಗೆ ಹಿಡಿಯುತ್ತದೆ, ಡಬ್ಬಿ ಅದಕ್ಕೂ ಬೇಕು.

ಪ್ರವಾಸದಲ್ಲಿ ಇನ್ನೊಂದು ತೊಂದರೆ: ಎಸಿ ಕೋಣೆಯಿಂದ ಹೊರತಂದ ಕೂಡಲೇ ಗಾಜು ಮಂಜಾಗುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೀಲದೊಳಗೇ ಇಟ್ಟು ಹೊರಗಿನ ಗಾಳಿಗೆ ತನ್ನಿ. ಒರೆಸುತ್ತಾ ಕೂತರೆ ಲೇಪ ಹಾಳಾಗುತ್ತದೆ.

ಆಗಸ್ಟ್‌ನಲ್ಲಿ ನಾಲ್ವರು ಕೆನ್ಯಾಕ್ಕೆ ಹೊರಟಿದ್ದೇವೆ. ಸಫಾರಿ ಕಂಪನಿಗಳ ಪ್ಯಾಕೇಜ್ ಹಕ್ಕಿ ನೋಡುವವರಿಗೆ ಸಾಕೇ? ಅಲ್ಲಿನ ಕಾಫಿ ತೋಟ ನೋಡುವ ಆಸೆಯೂ ಇದೆ. ಏನೇನು ಎಚ್ಚರ ಬೇಕು? (ಪೊನ್ನಂಪೇಟೆ)

ಮಾಮೂಲಿ ಪ್ಯಾಕೇಜ್ ಸಾಲದು. ಚಾಲಕರು ಸಿಂಹ, ಚಿರತೆಗಳ ಸುದ್ದಿ ಬಂದ ಕಡೆಗೆ ಓಡಿಸುತ್ತಾರೆ, ಹಕ್ಕಿಗೆ ನಿಲ್ಲಿಸುವುದಿಲ್ಲ. ಅವರದು ತಪ್ಪಲ್ಲ, ಹೆಚ್ಚಿನವರು ಕೇಳುವುದು ಅದನ್ನೇ. ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ: ಹಕ್ಕಿಗಳೇ ಮೊದಲು, ಹಕ್ಕಿ ಬಲ್ಲ ಮಾರ್ಗದರ್ಶಿ, ಒಬ್ಬೊಬ್ಬರಿಗೂ ಕಿಟಕಿ ಸೀಟು, ಮೇಲ್ಛಾವಣಿ ಎತ್ತುವ ಗಾಡಿ, ದಿನಕ್ಕೆ ಇಷ್ಟು ಕಿಲೋಮೀಟರಿಗಿಂತ ಹೆಚ್ಚು ಇಲ್ಲ.

ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಗಾಡಿಯಿಂದ ಇಳಿಯುವಂತಿಲ್ಲ. ಹಾಗಾಗಿ ಇಳಿದು ನಡೆಯಬಹುದಾದ ಜಾಗಗಳನ್ನು ನಡುನಡುವೆ ಸೇರಿಸಿಕೊಳ್ಳಿ. ಹನ್ನೆರಡು ದಿನಕ್ಕೆ ಒಳ್ಳೆಯ ಸಾಲು ಹೀಗಿದೆ: ನೈರೋಬಿ ಪಕ್ಕದ 117 ಚದರ ಕಿ.ಮೀ. ಉದ್ಯಾನ, ಅಲ್ಲಿಂದ ಸಿಹಿನೀರಿನ ನೈವಾಶ ಸರೋವರ, ಹತ್ತಿರದ ಹೆಲ್ಸ್ ಗೇಟ್ (ಇಲ್ಲಿ ನಡೆಯಬಹುದು), ಬೊಗೋರಿಯ, ಬರಿಂಗೊ, ಪಶ್ಚಿಮದ ಕಾಕಮೇಗ ಮಳೆಕಾಡು, ಕೊನೆಗೆ ಮಾಸಾಯಿ ಮಾರ. ಬರಿಂಗೊ ಒಣಮುಳ್ಳಿನ ಬಿಸಿ ಸೀಮೆ, ಹಗಲು ಮಲಗಿರುವ ಗೂಬೆಗಳನ್ನು ಮರ ಮರವಾಗಿ ಬಲ್ಲ ಸ್ಥಳೀಯ ಹುಡುಗರಿದ್ದಾರೆ, ಅವರನ್ನು ಒಂದು ಬೆಳಗಿಗೆ ಜತೆ ಕರೆದುಕೊಳ್ಳಿ. ಕಾಕಮೇಗದಲ್ಲಿ ದೊಡ್ಡ ನೀಲಿ ಟುರಾಕೊ, ಕಪ್ಪುಬಿಳಿ ಮಂಗಟ್ಟೆ (ಹಾರ್ನ್‌ಬಿಲ್). ಮಧ್ಯಾಹ್ನ ಮಳೆ ಬರುತ್ತದೆ, ಬೆಳಗಿನ ಹೊತ್ತನ್ನು ಪೂರ್ತಿ ಬಳಸಿ. ರಾಜಹಂಸಗಳಿಗಾಗಿ ನಕುರುವನ್ನೇ ನಂಬಿ ಹೋಗಬೇಡಿ. ಕಳೆದ ದಶಕದಲ್ಲಿ ಅಲ್ಲಿ ನೀರು ಏರಿ ಉಪ್ಪಿನಂಶ ತಗ್ಗಿತು, ಅವು ತಿನ್ನುವ ಪಾಚಿಯೂ ತಗ್ಗಿತು. ಹಿಂಡುಗಳು ಬೊಗೋರಿಯದ ಕಡೆ ಹೆಚ್ಚು ಸರಿದಿವೆ.

ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ತಡಿಯಂಡಮೋಳ್ ತುದಿಗೆ ಹೆಚ್ಚೂ ಕಡಿಮೆ ಸಮ. ಆಗಸ್ಟ್ ಬೆಳಗಿನಲ್ಲಿ ಚಳಿ. ಕ್ಯಾಮೆರಾ ಊರಲು ಬಟ್ಟೆ ಚೀಲವನ್ನು ಖಾಲಿ ಒಯ್ದು ಅಲ್ಲಿಯ ಅಂಗಡಿಯಲ್ಲಿ ಅವರೆ ಜಾತಿಯ ಕಾಳು ತುಂಬಿಸಿಕೊಳ್ಳಿ. ಪ್ಲಾಸ್ಟಿಕ್ ಕೈಚೀಲಗಳನ್ನು ಕೆನ್ಯಾ 2017ರಲ್ಲೇ ನಿಷೇಧಿಸಿದೆ, 2020ರಿಂದ ಸಂರಕ್ಷಿತ ಪ್ರದೇಶಗಳಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಯೂ ಇಲ್ಲ. ಸ್ಟೀಲ್ ಬಾಟಲಿ ಒಯ್ಯಿರಿ, ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಲು ಪ್ಲಾಸ್ಟಿಕ್ ಚೀಲ ಬಳಸಬೇಡಿ.

ಹಳದಿ ಜ್ವರದ ಲಸಿಕೆಯನ್ನು ಕೊನೆಗೆ ಬಿಡಬೇಡಿ. ಕೆನ್ಯಾದಿಂದ ಮರಳುವಾಗ ನಮ್ಮ ದೇಶವೇ ಪ್ರಮಾಣಪತ್ರ ಕೇಳುತ್ತದೆ, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಒಂದೇ ಚುಚ್ಚು. ಹಾಕಿಸಿಕೊಂಡ ಹತ್ತು ದಿನದ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪರ್ಯಂತ. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು. ಬೆಂಗಳೂರಿಗೆ ಹೋಗುವ ಮುಂಚೆ ಯಾವ ದಿನ ಹಾಕುತ್ತಾರೆ, ದಾಸ್ತಾನು ಇದೆಯೇ ಎಂದು ಕೇಳಿಕೊಳ್ಳಿ. ಮೂಲ ಪಾಸ್‌ಪೋರ್ಟ್ ಒಯ್ಯಿರಿ, ಪತ್ರದಲ್ಲಿ ಅದರ ಸಂಖ್ಯೆ ಸರಿಯಾಗಿ ಬಿದ್ದಿದೆಯೇ ಎಂದು ಅಲ್ಲೇ ನೋಡಿ. ಇದು ಜೀವಂತ ಲಸಿಕೆ. ಅರವತ್ತು ದಾಟಿದವರು, ಮೊಟ್ಟೆ ಒಗ್ಗದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಮೊದಲು ತಮ್ಮ ವೈದ್ಯರ ಹತ್ತಿರ ಮಾತಾಡಲಿ. ಮಲೇರಿಯಾ ಮಾತ್ರೆಯ ವಿಚಾರವನ್ನೂ ಆಗಲೇ ಕೇಳಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು, ಜತೆಗೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ.

ಇನ್ನು ಕಾಫಿ ತೋಟ. ನೋಡಿ, ಆದರೆ ಪ್ರವಾಸದ ಕೊನೆಗೆ ಇಟ್ಟುಕೊಳ್ಳಬೇಡಿ. ಕಾಫಿ ಕಾಯಿಯನ್ನು ಹಸಿರಿರುವಾಗಲೇ ಕೊಳೆಸುವ ಶಿಲೀಂಧ್ರ ರೋಗ, ಕಾಫಿ ಬೆರ್ರಿ ಡಿಸೀಸ್, 1922ರಲ್ಲಿ ಮೊದಲು ದಾಖಲಾದದ್ದು ಕೆನ್ಯಾದಲ್ಲೇ. ಅದು ಅರೇಬಿಕಾವನ್ನು ಹಾಳುಗೆಡವುತ್ತದೆ, ಭಾರತಕ್ಕೆ ಇನ್ನೂ ಬಂದಿಲ್ಲ. ಕಾಯಿಕೊರಕ ಕೀಟ 1990ರಲ್ಲಿ ಗುಡಲೂರಿನಲ್ಲಿ ಕಾಣಿಸಿಕೊಂಡ ಮೇಲೆ ಏನಾಯಿತು ಎಂದು ನಿಮ್ಮ ಮನೆಯವರಿಗೇ ಗೊತ್ತು. ಆದ್ದರಿಂದ ಹಣ್ಣು, ಹಸಿ ಬೀಜ, ಎಲೆ, ಸಸಿ, ಮಣ್ಣು ಏನನ್ನೂ ತರಬೇಡಿ. ಹುರಿದ ಪುಡಿ ಸಾಕು. ತೋಟದಲ್ಲಿ ಹಾಕಿದ ಬೂಟನ್ನು ಅಲ್ಲೇ ಬ್ರಷ್‌ನಿಂದ ಮಣ್ಣು ತೆಗೆದು, ಸೋಪಿನ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ. ಬಟ್ಟೆ, ಟೋಪಿ ಒಗೆಸಿ. ಊರಿಗೆ ಬಂದ ಮೇಲೆ ಅದೇ ಬೂಟಿನಲ್ಲಿ ನೇರವಾಗಿ ತೋಟಕ್ಕೆ ಇಳಿಯಬೇಡಿ. ಒಂದು ಜತೆ ಬೂಟಿನ ಬೆಲೆ ಎಷ್ಟೋ ಅಷ್ಟೇ, ಅಲ್ಲೇ ಯಾರಿಗಾದರೂ ಕೊಟ್ಟು ಬಂದರೆ ಇನ್ನೂ ಒಳ್ಳೆಯದು.

ಅಮ್ಮನಿಗೆ 64, ಬಿಪಿ ಇದೆ. ಮೇ ಮೊದಲ ವಾರ ಭೂತಾನ್. ಎತ್ತರದ ಭಯ. (ವಿರಾಜಪೇಟೆ)

ಮಲಗುವ ಎತ್ತರವೇ ಮುಖ್ಯ, ನೋಡಲು ಹೋಗಿಬರುವ ಎತ್ತರ ಅಷ್ಟಲ್ಲ. ತೊಂದರೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಶುರುವಾಗುತ್ತದೆ. ಪಾರೊ, ಥಿಂಫು ಎರಡೂ ಅದಕ್ಕಿಂತ ಸ್ವಲ್ಪ ಕೆಳಗಿವೆ. ಮೊದಲ ಎರಡು ರಾತ್ರಿ ಅಲ್ಲಿ, ಆಮೇಲೆ ಸುಮಾರು 3,100 ಮೀಟರಿನ ದೋಚುಲಾ ದಾಟಿ ತಗ್ಗಿನ ಪುನಾಖಕ್ಕೆ ಇಳಿಯಿರಿ. ಪುನಾಖದ ನದಿಗಳ ಗುಂಟ ಬಿಳಿಹೊಟ್ಟೆಯ ಬಕವನ್ನು ಹುಡುಕಿ. ಅಳಿವಿನ ಅಂಚಿಗೆ ತೀರಾ ಹತ್ತಿರದ ಹಕ್ಕಿ ಅದು, ದೂರದಿಂದ ನೋಡಿ, ನೀರಿನ ಕಡೆ ಇಳಿಯಬೇಡಿ. ಸುಮಾರು 3,900 ಮೀಟರಿನ ಚೆಲೆಲಾ ಕಣಿವೆಮಾರ್ಗವನ್ನು ಕೊನೆಯ ದಿನಕ್ಕೆ ಇಡಿ, ಆ ಹೊತ್ತಿಗೆ ದೇಹ ಹೊಂದಿಕೊಂಡಿರುತ್ತದೆ. ಬೆಳಕು ಹರಿಯುವ ಮೊದಲೇ ಹತ್ತಿ, ಅಮ್ಮ ಗಾಡಿಯಲ್ಲೇ ಕೂತಿರಲಿ. ರಕ್ತ ಫೆಸೆಂಟ್, ಮೊನಾಲ್ ಎರಡೂ ರಸ್ತೆಯಂಚಿಗೆ ಬರುತ್ತವೆ, ಇಳಿದ ಮನುಷ್ಯನಿಗಿಂತ ನಿಂತ ಗಾಡಿಗೆ ಕಡಿಮೆ ಹೆದರುತ್ತವೆ. ತಲೆನೋವು, ವಾಕರಿಕೆ ಬಂದರೆ ಕಾಯದೆ ಕೆಳಗಿಳಿಯಿರಿ. ಬಿಪಿ ಮಾತ್ರೆಯ ಜತೆ ಎತ್ತರದ ತೊಂದರೆ ತಡೆಯುವ ಅಸಿಟಜೋಲಮೈಡ್ ಮಾತ್ರೆ ಬೇಕೇ ಬೇಡವೇ ಎಂದು ವೈದ್ಯರೇ ಹೇಳಬೇಕು, ಸಲ್ಫಾ ಒಗ್ಗದಿದ್ದರೆ ಅವರಿಗೆ ಮೊದಲೇ ತಿಳಿಸಿ.

ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ದೊಡ್ಡವರಿಗೆ ಆಧಾರ್ ನಡೆಯುವುದಿಲ್ಲ. ತಲೆಗೆ ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ಲೆಕ್ಕಕ್ಕೆ ಹಿಡಿಯಿರಿ.

ಮಂಗಟ್ಟೆ ಎಂದರೆ ಪ್ರಾಣ. ಒಂದೇ ಕಡೆ ಹೆಚ್ಚು ಜಾತಿ ನೋಡುವುದಾದರೆ? (ಭಾಗಮಂಡಲ)

ಸಬಾ ರಾಜ್ಯದ ಕಿನಾಬತಂಗನ್ ನದಿ. ಬೋರ್ನಿಯೋದ ಎಂಟೂ ಜಾತಿಯ ಮಂಗಟ್ಟೆಗಳು ಆ ನದಿಬಯಲಿನಲ್ಲಿವೆ. ಸಂಡಕಾನ್‌ವರೆಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಸುಕಾವು ಹಳ್ಳಿ. ಕನಿಷ್ಠ ಮೂರು ರಾತ್ರಿ ಇರಿ. ಬೆಳಗ್ಗೆ ಆರಕ್ಕೆ, ಸಂಜೆ ನಾಲ್ಕಕ್ಕೆ ದೋಣಿ. ದೊಡ್ಡ ದೋಣಿಯಲ್ಲಿ ಎಲ್ಲರೂ ಉದ್ದಮೂಗಿನ ಕೋತಿಗೆ ನಿಲ್ಲಿಸುತ್ತಾರೆ, ಆದಷ್ಟು ಸಣ್ಣ ದೋಣಿ ಕೇಳಿ. ಹಣ್ಣಾದ ಆಲ, ಅತ್ತಿ ಜಾತಿಯ ಮರ ಎಲ್ಲಿದೆ ಎಂದು ದೋಣಿಯವರಿಗೆ ಗೊತ್ತಿರುತ್ತದೆ. ಅಲ್ಲಿ ಎಂಜಿನ್ ನಿಲ್ಲಿಸಿ ಒಂದು ತಾಸು ಕಾದರೆ ನದಿಯುದ್ದ ಸುತ್ತುವುದಕ್ಕಿಂತ ಹೆಚ್ಚು ಸಿಗುತ್ತದೆ. ಶಿರಸ್ತ್ರಾಣ ಮಂಗಟ್ಟೆಯನ್ನು ಮಾತ್ರ ಖಚಿತ ಎಂದುಕೊಳ್ಳಬೇಡಿ. ಗಟ್ಟಿ ಕೊಂಬಿಗಾಗಿ ಬೇಟೆಯಾಡಿ ಅದನ್ನು ತೀರಾ ವಿರಳಗೊಳಿಸಿದ್ದಾರೆ. ಸಬಾಕ್ಕೆ ತನ್ನದೇ ವಲಸೆ ತಪಾಸಣೆ ಇದೆ, ಕ್ವಾಲಾಲಂಪುರದಲ್ಲಿ ಮುದ್ರೆ ಬಿದ್ದಿದ್ದರೂ ಪಾಸ್‌ಪೋರ್ಟ್ ಕೈಯಲ್ಲಿ ಇರಲಿ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬಹುದೇ? (ಕುಶಾಲನಗರ)

ಬೇಡ. ಹಲವು ಉದ್ಯಾನಗಳಲ್ಲಿ ನಿಷೇಧವಿದೆ. ನಿಷೇಧವಿಲ್ಲದ ಕಡೆಯೂ ಗೂಡಿನ ಕಾಲದಲ್ಲಿ ಗಂಡುಹಕ್ಕಿ ಇಲ್ಲದ ಎದುರಾಳಿಯನ್ನು ಓಡಿಸಲು ಮೇವು, ಮರಿ ಬಿಟ್ಟು ಬರುತ್ತದೆ. ಹೆಸರಾಂತ ಜಾಗಗಳಲ್ಲಿ ಒಂದೇ ಹಕ್ಕಿಗೆ ದಿನವೂ ಹತ್ತಾರು ಗುಂಪು ಹೀಗೆ ಮಾಡುತ್ತದೆ. ಮರ್ಲಿನ್ ಆ್ಯಪ್ ಧ್ವನಿ ಗುರುತಿಸಲು ಇರಲಿ. ಆ ದೇಶದ ಪ್ಯಾಕ್ ಅನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವವರು ಫೋನಿನ ಗಡಿಯಾರ ಸ್ಥಳೀಯ ಸಮಯಕ್ಕೆ ಬದಲಾಗಿದೆಯೇ ನೋಡಿ.

ಕ್ಯಾಮೆರಾ, ಲೆನ್ಸ್ ಮರಳಿ ತರುವಾಗ ಸುಂಕ ಕೇಳುತ್ತಾರೆಯೇ? ಪವರ್ ಬ್ಯಾಂಕ್ ಎಲ್ಲಿಡಬೇಕು? ಕಣ್ಣೂರಿನಿಂದ ಹೊರಡುತ್ತೇವೆ. (ಅಮ್ಮತ್ತಿ)

ಹೊಸದಾಗಿ ಕಾಣುವ ದುಬಾರಿ ಲೆನ್ಸ್ ಇದ್ದರೆ ಕೇಳಬಹುದು. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿ. ಬಿಲ್ಲಿನ ಪ್ರತಿ, ಪ್ರತಿ ಉಪಕರಣದ ಸೀರಿಯಲ್ ಸಂಖ್ಯೆಯ ಪಟ್ಟಿ ಬೇಕು. ವಸ್ತುಗಳನ್ನು ಅವರು ಕಣ್ಣಾರೆ ನೋಡಬೇಕಾಗಿರುವುದರಿಂದ ಪೆಟ್ಟಿಗೆ ಒಪ್ಪಿಸುವ ಮುಂಚೆಯೇ ಹೋಗಿ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಅಂಟಿಸಿ. ಮಿತಿ 100 ವ್ಯಾಟ್-ಅವರ್: 20,000 ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ಪರವಾಗಿಲ್ಲ. ಟ್ರೈಪಾಡ್ ಪೆಟ್ಟಿಗೆಗೆ ಹಾಕಿ. ಮಳೆಗಾಲದಲ್ಲಾದರೆ ಮಾಕುಟ್ಟ ಘಾಟಿಯನ್ನು ಹಿಂದಿನ ದಿನ ಹಗಲಲ್ಲೇ ಇಳಿದು ವಿಮಾನ ನಿಲ್ದಾಣದ ಪಕ್ಕದ ಮಟ್ಟನ್ನೂರಿನಲ್ಲಿ ಉಳಿಯಿರಿ. ಒಂದು ಮಣ್ಣುಕುಸಿತಕ್ಕೆ ವಿಮಾನ ತಪ್ಪುತ್ತದೆ, ಮಾನಂದವಾಡಿ ಮೇಲಿಂದ ಸುತ್ತಿ ಹೋಗಲು ಆಗ ಸಮಯ ಇರುವುದಿಲ್ಲ.